ಹಿಂದಕ್ಕೆ ಕೊಟ್ಟ ಚೆಂಡು

ನನ್ನ ಮಾವ ಚಿಕ್ಕಮಗಳೂರಿನ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ಆಯುಷ್ಯವಿಡೀ ದುಡಿದು ನಿವೃತ್ತರಾದವರು. ಆ ದಿನ ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಜನ ಭಾಷಣ ಮಾಡಿ, ಒಂದು ಗೋಡೆ ಗಡಿಯಾರದ ಸಮೇತ ಜೀಪಿನಲ್ಲಿ ಮನೆಗೆ ತಂದು ಬಿಟ್ಟಿದ್ದರಂತೆ. ಆ ಗಡಿಯಾರ ಈಗಲೂ ನಮ್ಮ ಜಗುಲಿಯಲ್ಲಿ ಓಡುತ್ತಿದೆ. ಅದನ್ನು ನೋಡಿದಾಗಲೆಲ್ಲ ನನ್ನ ನಿವೃತ್ತಿ ನೆನಪಾಗಿ ಸಿಟ್ಟು ಬರುತ್ತದೆ. ನಾನು ನಿವೃತ್ತಳಾದಾಗ ನನಗೆ ಇಪ್ಪತ್ತೊಂದು ವರ್ಷ. ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಕಾಲೇಜಿನ ಆಟದ ಸಾಮಾನಿನ ಕೋಣೆಗೆ ಹೋಗಿ, ಒಗೆದು ಮಡಚಿದ ಜೆರ್ಸಿಯನ್ನೂ ಮಂಡಿಗೆ ಹಾಕುವ ಪಟ್ಟಿಗಳನ್ನೂ ಅಟೆಂಡರ್ ಕೈಗೆ ಕೊಟ್ಟೆ. ಅವರು ಜೆರ್ಸಿಯನ್ನು ಬೆಳಕಿಗೆ ಹಿಡಿದು ಎಲ್ಲಾದರೂ ಹರಿದಿದೆಯೇ ಎಂದು ನೋಡಿ, "ಸರಿ, ಹೋಗಮ್ಮ" ಎಂದರು. ಅಷ್ಟೇ ನನ್ನ ಬೀಳ್ಕೊಡುಗೆ ಸಮಾರಂಭ.

ಅದು ನಿವೃತ್ತಿ ಎಂದು ಆಗ ಗೊತ್ತೂ ಆಗಲಿಲ್ಲ. ಇನ್ನೆಲ್ಲೋ ಆಡುತ್ತೇನೆ, ಯಾರೋ ಕರೆಯುತ್ತಾರೆ ಎಂದುಕೊಂಡಿದ್ದೆ. ಗಂಡಸರಿಗಾದರೆ ಹಾಗೇ ಆಗುತ್ತದೆ. ನಮ್ಮ ಕಡೆ ಕಾಫಿ ಕೊಯ್ಲು ಮುಗಿದ ಮೇಲೆ ಊರೂರಿಗೆ ವಾಲಿಬಾಲ್ ಪಂದ್ಯ, ಕ್ರಿಕೆಟ್ ಪಂದ್ಯ. ಹೊಟ್ಟೆ ಬಂದವರೂ ತಲೆ ಬೋಳಾದವರೂ ಪ್ಯಾಂಟು ಮಡಚಿಕೊಂಡು ಕೋರ್ಟಿಗೆ ಇಳಿಯುತ್ತಾರೆ. ಹೆಂಗಸರು ಪಕ್ಕದಲ್ಲಿ ಶಾಮಿಯಾನದ ಕೆಳಗೆ ಕುಳಿತು ಪಾನಕ ಹಂಚಬೇಕು. ನನ್ನ ಆಟ ಮುಗಿದದ್ದು ಮಂಡಿ ಮುರಿದು ಅಲ್ಲ, ಸೋತು ಅಲ್ಲ. ಕಾಲೇಜು ಮುಗಿಯಿತು, ಆದ್ದರಿಂದ ಮುಗಿಯಿತು.

ನಾನು ಮಹಿಳೆಯರ ವಾಲಿಬಾಲ್ ತಂಡದಲ್ಲಿ ಲಿಫ್ಟರ್ ಆಗಿದ್ದೆ. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಎದುರಿನಿಂದ ಬಂದ ಚೆಂಡನ್ನು ಮೊದಲು ಒಬ್ಬಳು ತಡೆದು ಮೇಲೆತ್ತುತ್ತಾಳೆ, ಎರಡನೆಯವಳು ಅದನ್ನು ಬೆರಳ ತುದಿಯಿಂದ ನೆಟ್ಟಿನ ಪಕ್ಕಕ್ಕೆ ಎತ್ತರವಾಗಿ ತೇಲಿಸಿಕೊಡುತ್ತಾಳೆ, ಮೂರನೆಯವಳು ಹಾರಿ ಹೊಡೆಯುತ್ತಾಳೆ. ಚಪ್ಪಾಳೆ ಮೂರನೆಯವಳಿಗೆ. ಆ ನಡುವಿನವಳೇ ಲಿಫ್ಟರ್. ನಮ್ಮ ಪಿ.ಇ. ಸರ್ ಮೊದಲ ದಿನವೇ ನನ್ನ ಬೆರಳುಗಳನ್ನು ನೋಡಿ ಅಲ್ಲಿ ನಿಲ್ಲಿಸಿದರು. ಚೆಂಡು ಕೈಯಲ್ಲಿ ಒಂದು ಗಳಿಗೆ ನಿಂತರೂ ಅದು ಫೌಲ್. ಹೆಂಚಿನ ಮೇಲಿನ ಅಕ್ಕಿ ರೊಟ್ಟಿಯನ್ನು ಮುಟ್ಟಿದ ಹಾಗೆ ಮುಟ್ಟಬೇಕು, ಮುಟ್ಟಿದ್ದೂ ಗೊತ್ತಾಗಬಾರದು ಎನ್ನುತ್ತಿದ್ದರು. ನಾನು ಹಿಡಿದಾಗಲೆಲ್ಲ ಶಿಳ್ಳೆ ಊದಿ ಮೈದಾನದ ಸುತ್ತ ಓಡಿಸುತ್ತಿದ್ದರು. ವರ್ಷ ಕಳೆಯುವುದರೊಳಗೆ ನನ್ನ ಬೆರಳುಗಳಿಗೆ ಹಿಡಿಯುವುದು ಮರೆತೇಹೋಯಿತು.

ಹೊಡೆಯುವವಳು ನನ್ನ ಗೆಳತಿ. ಮೂಡಿಗೆರೆ ಆಚೆಯ ದೇವರಮನೆ ಗುಡ್ಡದ ಕಡೆಯ ಬೆಳೆಗಾರರ ಮಗಳು, ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ಗುಡ್ಡ ಹತ್ತಿ ಇಳಿದು ಬಸ್ಸು ಹಿಡಿದೇ ಬೆಳೆದ ಕಾಲು ಅವಳದು. ಅವಳು ಎಡಗೈಯವಳು. ಎಡಗೈಯವರು ಕೋರ್ಟಿನ ಬಲ ಅಂಚಿನಿಂದ ಹೊಡೆದರೆ ಚೆಂದ. ಆದರೆ ಲಿಫ್ಟರ್ ನಿಲ್ಲುವುದು ಎಡಕ್ಕೆ ಮುಖ ಮಾಡಿ. ಹಾಗಾಗಿ ಅವಳಿಗೆ ಕೊಡಬೇಕಾದ ಚೆಂಡನ್ನು ನಾನು ನನ್ನ ತಲೆಯ ಮೇಲಿನಿಂದ ಹಿಂದಕ್ಕೆ, ನೋಡದೆ ಕೊಡಬೇಕಿತ್ತು. ಕೊಟ್ಟ ಮೇಲೆ ಬೆನ್ನ ಹಿಂದೆ ಎರಡು ಪಾದ ನೆಲಕ್ಕೆ ಒದ್ದ ಸದ್ದು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಹೊಡೆತದ ಸದ್ದು. ತಿರುಗುವಷ್ಟರಲ್ಲಿ ಅವಳು ನೆಲಕ್ಕೆ ಇಳಿದಿರುತ್ತಿದ್ದಳು. ಮೂರು ವರ್ಷ ಜೊತೆಗೆ ಆಡಿದರೂ ಅವಳು ಹಾರುವುದನ್ನು ನಾನು ನೆಟ್ಟಗೆ ನೋಡಿದವಳಲ್ಲ. ಬೇರೆ ಕಾಲೇಜಿನವರು ನೋಡಿ ಬಾಯಿ ಬಿಡುತ್ತಿದ್ದರು, ಅವರ ಮುಖದಲ್ಲಿ ನಾನು ನೋಡಿಕೊಳ್ಳುತ್ತಿದ್ದೆ.

ಅವಳ ಬಾಯಿಂದ ಒಂದು ದಿನವೂ ಹೊಗಳಿಕೆ ಬಂದದ್ದಿಲ್ಲ. ಚೆಂಡು ಸ್ವಲ್ಪ ಗಿಡ್ಡವಾದರೆ, ನೆಟ್ಟಿನಿಂದ ಒಂದು ಗೇಣು ದೂರವಾದರೆ, "ಎಲ್ಲಿ ಮಾರಾಯ್ತಿ ಚೆಂಡು?" ಎನ್ನುತ್ತಿದ್ದಳು. ಸರಿಯಾಗಿದ್ದರೆ ಮಾತಿಲ್ಲ, ಪಕ್ಕದಲ್ಲಿ ಹಾದುಹೋಗುವಾಗ ತನ್ನ ಕಿರುಬೆರಳನ್ನು ನನ್ನ ಕಿರುಬೆರಳಿಗೆ ಒಮ್ಮೆ ತಾಗಿಸಿ ಹೋಗುವಳು. ಆ ಬೆರಳಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ ಎಂದು ಈಗ ಹೇಳಿದರೆ ನಗುತ್ತೀರಿ. ಆದರೆ ನಿಜ.

ಆಮೇಲೆ ಮದುವೆ. ಮೂಡಿಗೆರೆಯ ಅಂಗಡಿಯವರ ಮಗಳಾದ ನಾನು ಕಳಸದಿಂದ ಸಂಸೆಗೆ ಹೋಗುವ ದಾರಿಯ ಒಂದು ಸಣ್ಣ ತೋಟದ ಮನೆಗೆ ಬಂದೆ. ಒಳ್ಳೆಯ ಜನ, ದೂರಲು ಏನೂ ಇಲ್ಲ. ದೂರಿದ್ದು ನನ್ನ ಮೈ. ಬೆಳಗಿನ ಐದು ಗಂಟೆಗೆ ತಾನಾಗಿ ಎಚ್ಚರವಾಗುತ್ತಿತ್ತು. ಓಡಲು ಮೈದಾನವಿಲ್ಲ, ಎದ್ದು ಹಂಡೆಗೆ ಬೆಂಕಿ ಹಾಕುತ್ತಿದ್ದೆ. ಹಸಿವು ಮಾತ್ರ ಆಟಗಾರ್ತಿಯದೇ ಉಳಿದಿತ್ತು. ಮೂರು ರೊಟ್ಟಿ ತಿಂದರೆ ಅತ್ತೆ ಏನೂ ಅನ್ನುತ್ತಿರಲಿಲ್ಲ, ನಾಲ್ಕನೆಯದನ್ನು ಹಾಕುವಾಗ ನನ್ನ ಮುಖ ನೋಡುತ್ತಿದ್ದರು. ಎರಡು ಹೆರಿಗೆಯ ನಡುವೆ ಮೈ ಊದಿತು. ತವರಿಗೆ ಹೋದರೆ ನಾನು ಗೆದ್ದ ಕಪ್ಪು ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ರಬ್ಬರ್ ಬ್ಯಾಂಡುಗಳನ್ನು ತುಂಬಿಕೊಂಡು ಕುಳಿತಿರುತ್ತಿತ್ತು. ಟೀವಿಯಲ್ಲಿ ಎಲ್ಲಾದರೂ ವಾಲಿಬಾಲ್ ಬಂದರೆ ನಾನು ಅಡುಗೆ ಮನೆಗೆ ಹೋಗಿಬಿಡುತ್ತಿದ್ದೆ. ಹೊಟ್ಟೆಕಿಚ್ಚು, ಮತ್ತೇನಲ್ಲ.

ಅದಕ್ಕಿಂತ ಕಷ್ಟವಾದದ್ದು ಇನ್ನೊಂದಿದೆ. ಓಡುವವಳು ಒಬ್ಬಳೇ ಓಡಬಹುದು, ಗುಂಡು ಎಸೆಯುವವಳು ಕಲ್ಲಾದರೂ ಎಸೆಯಬಹುದು. ಲಿಫ್ಟರ್ ಒಬ್ಬಳೇ ಏನು ಮಾಡುತ್ತಾಳೆ? ಚೆಂಡು ತಂದು ಕೊಡುವವರು ಬೇಕು, ತೆಗೆದುಕೊಳ್ಳುವವರು ಬೇಕು. ಕಾಫಿ ಕಣದ ಅಂಚಿನಲ್ಲಿ ನಿಂತು ಒಬ್ಬಳೇ ಚೆಂಡನ್ನು ಮೇಲಕ್ಕೆ ತೇಲಿಸಿ ಮತ್ತೆ ನಾನೇ ತೇಲಿಸಿ ನೋಡಿದ್ದೂ ಉಂಟು. ಒಂದು ಸಲ ಹಾಗೆ ಮಾಡುವಾಗ ತೋಟದ ಆಳುಗಳು ನಿಂತು ನೋಡಿದರು. ಚೆಂಡನ್ನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಅಟ್ಟಕ್ಕೆ ಎಸೆದುಬಿಟ್ಟೆ.

ನನ್ನ ಗೆಳತಿಯೂ ಮದುವೆಯಾಗಿ ಮೂಡಿಗೆರೆಯ ಹತ್ತಿರದ ತೋಟಕ್ಕೇ ಹೋದಳು. ಬಸ್ಸಿನಲ್ಲಿ ಒಂದು ಬೆಳಗಿನ ದಾರಿ. ಆದರೂ ಹೋಗಲಿಲ್ಲ, ಬರಲಿಲ್ಲ. ಒಮ್ಮೆ ಕೊಟ್ಟಿಗೆಹಾರದ ಕಲ್ಯಾಣ ಮಂಟಪದಲ್ಲಿ ಸಿಕ್ಕಿದಳು, ಇಬ್ಬರ ಸೊಂಟದಲ್ಲೂ ಕೂಸು. ಕಾಳುಮೆಣಸಿನ ಬಳ್ಳಿ ಸೊರಗುವ ರೋಗದ ಬಗ್ಗೆ ಮಾತಾಡಿದೆವು. ಮಕ್ಕಳ ಕೆಮ್ಮಿನ ಬಗ್ಗೆ ಮಾತಾಡಿದೆವು. ಊಟದ ಪಂಕ್ತಿ ಶುರುವಾಯಿತು, ಎದ್ದೆವು. ಆಮೇಲೆ ಜೀಪಿನಲ್ಲಿ ಬರುವಾಗ ಅನ್ನಿಸಿತು, ನಾವು ಮೂರು ವರ್ಷ ಒಂದೇ ಕೋಣೆಯಲ್ಲಿದ್ದರೂ ಮಾತಾಡಿದ್ದೇ ಕಡಿಮೆ. ನಮ್ಮ ಮಾತೆಲ್ಲ ಆ ಚೆಂಡಿನಲ್ಲೇ ಆಗುತ್ತಿತ್ತು. ಅದು ಇಲ್ಲದೆ ನಾವು ಎರಡು ತೋಟದ ಹೆಂಗಸರು. ಅವತ್ತಿನಿಂದ ನನಗೆ ಒಂದೇ ಆಸೆ ಹತ್ತಿಕೊಂಡಿತು: ಅವಳಿಗೆ ಇನ್ನೊಂದೇ ಒಂದು ಚೆಂಡು ಕೊಡಬೇಕು. ಅವಳು ಹಾರುವುದನ್ನು ಈ ಸಲ ತಿರುಗಿ ನೋಡಬೇಕು. ಇದನ್ನು ಯಾರಿಗಾದರೂ ಹೇಳುವುದುಂಟೇ?

ನನ್ನ ಬೆರಳುಗಳ ಕತೆ ಮನೆಮಂದಿಗೆಲ್ಲ ಗೊತ್ತಾದದ್ದು ಒಂದು ಮೊಗೆಕಾಯಿಯಿಂದ. ನಮ್ಮಲ್ಲಿ ಮೊಗೆಕಾಯಿಗಳನ್ನು, ಅಂದರೆ ಸಾಂಬಾರು ಸೌತೆಗಳನ್ನು, ಬಾಳೆಪಟ್ಟೆಯಲ್ಲಿ ಕಟ್ಟಿ ಉಗ್ರಾಣದ ಜಂತಿಗೆ ತೂಗುಹಾಕುತ್ತೇವೆ, ಮಳೆಗಾಲವಿಡೀ ಸಾಂಬಾರಿಗೆ ಆಗುತ್ತದೆ. ಒಂದು ದಿನ ನಮ್ಮ ಮನೆಯವರು ಏಣಿ ಹತ್ತಿ ಒಂದು ಕಾಯಿಯನ್ನು ಬಿಚ್ಚಿ, ಹಿಡಿ ಎಂದು ಕೆಳಗೆ ಬಿಟ್ಟರು. ನನ್ನ ಎರಡು ಕೈಯೂ ತಾನಾಗಿ ಹಣೆಯ ಮೇಲಕ್ಕೆ ಹೋದವು. ಹತ್ತು ಬೆರಳು ಸೇರಿ ಕಾಯಿಯನ್ನು ವಾಪಸು ಮೇಲಕ್ಕೆ ತಳ್ಳಿದವು. ಅದು ಜಂತಿಗೆ ಬಡಿದು ಎರಡು ಹೋಳಾಗಿ ಅವರ ತಲೆಯ ಮೇಲೇ ಬಿತ್ತು. ಬೀಜ, ತಿರುಳು, ಎಲ್ಲ. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ನನ್ನ ಕೈಗೆ ಯಾರೂ ಏನನ್ನೂ ಎಸೆಯುವುದಿಲ್ಲ, ತಂದು ಕೊಡುತ್ತಾರೆ.

ಹೋದ ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ಕಳಸ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ಪೇಟೆಯವರೆಲ್ಲ ಅಕ್ಕ ಎಂದು ಕರೆಯುವವರು ನಮ್ಮ ಮನೆಗೆ ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು, ನಮ್ಮ ಮಹಿಳಾ ಸಂಘದ ಥ್ರೋಬಾಲ್ ತಂಡದ ನಾಯಕಿ. ಬೆಳೆಗಾರರ ಕುಟುಂಬಗಳ ಕ್ರೀಡಾಕೂಟ ಮೂಡಿಗೆರೆಯಲ್ಲಿ ಪ್ರತಿ ವರ್ಷ ನಡೆಯುತ್ತದೆ. ಪ್ರತಿ ವರ್ಷ ಇವರು ಫೈನಲ್ಲಿಗೆ ಹೋಗಿ ಮೂಡಿಗೆರೆಯವರ ಕೈಲಿ ಸೋತು ಬರುತ್ತಾರೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಸೀರೆಗಳನ್ನು ಸರಿಸಿ ಕಪ್ಪಿಗೆಂದು ಜಾಗ ಬಿಟ್ಟಿದ್ದಾರೆ ಎಂದು ಪೇಟೆಯಲ್ಲಿ ತಮಾಷೆಯಿತ್ತು. ನಾನು ಯೂನಿವರ್ಸಿಟಿ ಮಟ್ಟದ ಪಂದ್ಯ ಆಡಿದವಳು ಎಂದು ಅವರಿಗೆ ಯಾರೋ ಹೇಳಿದ್ದರು.

ನಾನು ಸೊಕ್ಕಿನಿಂದಲೇ ಬೇಡ ಎಂದೆ. ಥ್ರೋಬಾಲ್ ಎಂದರೆ ನನಗೆ ತಾತ್ಸಾರ. ನೆಟ್ಟು ಇದೆ, ಚೆಂಡು ಇದೆ, ಆದರೆ ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕೈಯಲ್ಲಿ ಆಚೆ ಎಸೆಯುವುದು. ಹಿಡಿದವಳೇ ಎಸೆಯಬೇಕು. ಪಕ್ಕದವಳಿಗೆ ಕೊಡುವ ಹಾಗಿಲ್ಲ. ಒಬ್ಬರಿಗೊಬ್ಬರು ಕೊಡದೇ ಇರುವ ಆಟದಲ್ಲಿ ಲಿಫ್ಟರಿಗೆ ಏನು ಕೆಲಸ? ಅಕ್ಕ ಬೇಜಾರು ಮಾಡಿಕೊಳ್ಳದೆ ಕಾಫಿ ಕುಡಿದರು. ಎದ್ದು ಹೋಗುವಾಗ ಮೂಡಿಗೆರೆ ತಂಡದ ಮೇಲೆ ಸಿಟ್ಟು ಕಾರಿದರು. ಅಲ್ಲಿ ಒಬ್ಬಳು ಎಡಗೈಯವಳು ಇದ್ದಾಳೆ, ನೆಟ್ಟಿನ ಹತ್ತಿರ ನಿಂತು ಎಸೆದರೆ ಚೆಂಡು ಎಲ್ಲಿಗೆ ಬರುತ್ತದೆಂದೇ ಗೊತ್ತಾಗುವುದಿಲ್ಲ, ದೇವರಮನೆ ಕಡೆಯವಳಂತೆ ಎಂದರು.

ನಾನು ಅಕ್ಕನ ಹಿಂದೆಯೇ ಅಂಗಳಕ್ಕೆ ಇಳಿದು, ಯಾವಾಗಿನಿಂದ ಪ್ರಾಕ್ಟೀಸು ಎಂದು ಕೇಳಿದೆ.

ನಮ್ಮ ಗುಡ್ಡಗಳಲ್ಲಿ ಮಟ್ಟಸವಾದ ಜಾಗ ಎಂದರೆ ಕಾಫಿ ಒಣಗಿಸುವ ಕಣ ಒಂದೇ. ಸಿಪ್ಪೆ ಸಮೇತ ಒಣಗಿಸುವ ಚೆರಿ ಕಾಫಿಯೂ ಕೊನೆಗೆ ಒಣಗಿ ಮೂಟೆ ಸೇರಿದ ಮೇಲೆ ನಮ್ಮ ಕಣ ಖಾಲಿಯಾಯಿತು. ಒಂದು ಕಡೆ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರಕ್ಕೆ, ಇನ್ನೊಂದು ಕಡೆ ಪಲ್ಪರ್ ಮನೆಯ ಕಂಬಕ್ಕೆ ನೆಟ್ಟು ಕಟ್ಟಿದೆವು. ಸಂಜೆ ತೋಟದ ಕೆಲಸ, ಅಂಗಡಿ, ಹಾಲು ಕರೆಯುವುದು ಮುಗಿಸಿ ಆರೇಳು ಹೆಂಗಸರು ಚೂಡಿದಾರದ ಮೇಲೆ ಗಂಡಂದಿರ ಬೂಟು ಹಾಕಿಕೊಂಡು ಬರುತ್ತಿದ್ದರು. ಮೊದಲ ಸಂಜೆಯೇ ನನ್ನ ಮರ್ಯಾದೆ ಹೋಯಿತು. ಬಂದ ಚೆಂಡನ್ನೆಲ್ಲ ನಾನು ಮೇಲಕ್ಕೆ ತಳ್ಳುತ್ತಿದ್ದೆ. ಹಿಡಿಯಬೇಕು ಎಂದು ಗೊತ್ತಿದೆ, ಆದರೆ ಚೆಂಡು ಹಣೆಯ ಹತ್ತಿರ ಬಂದ ಕೂಡಲೇ ಬೆರಳು ನನ್ನ ಮಾತು ಕೇಳುವುದಿಲ್ಲ. ಅಕ್ಕ ಸೊಂಟಕ್ಕೆ ಕೈಯಿಟ್ಟು, ಯೂನಿವರ್ಸಿಟಿಯಲ್ಲಿ ಚೆಂಡು ಹಿಡಿಯಲು ಹೇಳಿಕೊಡುವುದಿಲ್ಲವೇ ಎಂದು ಕೇಳಿದರು. ಉಳಿದವರು ನಕ್ಕರು. ನನಗೆ ಅಳು ಬಂತು, ಮುಖ ತೊಳೆಯುವ ನೆಪದಲ್ಲಿ ತೊಟ್ಟಿಯ ಹತ್ತಿರ ಹೋದೆ.

ದಾರಿ ಹುಡುಕಿದವರು ನಮ್ಮ ಮನೆಯವರು. ಅದು ಚೆಂಡು ಅಂದುಕೊಳ್ಳಬೇಡ, ಮೊಗೆಕಾಯಿ ಅಂದುಕೋ, ಬಿದ್ದರೆ ಸಾಂಬಾರಿಲ್ಲ ಎಂದರು. ದಿನಾ ಬೆಳಗ್ಗೆ ಏಣಿ ಹತ್ತಿ ನಿಜವಾದ ಮೊಗೆಕಾಯಿಯನ್ನೇ ಬಿಟ್ಟರು. ನಾಲ್ಕೈದು ಒಡೆದವು. ಆ ವಾರವೆಲ್ಲ ಅದೇ ಸಾಂಬಾರು. ಕೊನೆಗೆ ಅಂಗೈ ಕಲಿಯಿತು. ಚೆಂಡು ಬರುವಾಗ ಮನಸ್ಸಿನಲ್ಲಿ "ಮೊಗೆಕಾಯಿ" ಎಂದುಕೊಂಡರೆ ಕೈ ಅಗಲವಾಗಿ, ಎದೆಗೆ ಇಳಿದು, ಹಿಡಿಯುತ್ತಿತ್ತು. ಮರೆತು ತಳ್ಳಿದರೆ ಫೌಲ್, ಪಾಯಿಂಟು ಎದುರಿನವರಿಗೆ. ಹಿಡಿದಾಗಲೆಲ್ಲ ಒಳಗೆ ಏನೋ ಕೆಟ್ಟದು ಮಾಡಿದ ಹಾಗೆ ಅನ್ನಿಸುತ್ತಿತ್ತು. ಎಲ್ಲಿಂದಲೋ ಶಿಳ್ಳೆ ಕೇಳುತ್ತದೆ ಎಂದು ಕಿವಿ ಕಾಯುತ್ತಿತ್ತು. ಆದರೂ ಹಿಡಿದೆ. ಅವಳ ಎದುರು ನಿಲ್ಲಬೇಕಿತ್ತಲ್ಲ.

ಕ್ರೀಡಾಕೂಟದ ದಿನ ಹೂಮಳೆ ಬಿದ್ದು ಸುಮಾರು ದಿನವಾಗಿತ್ತು. ಕಾಫಿ ಹೂವು ಕಂದಿ ಉದುರಿ, ತೋಟದಲ್ಲಿ ಹುಳಿ ವಾಸನೆ. ಬೆಳಕು ಹರಿಯುವ ಮೊದಲು ಎರಡು ಜೀಪಿನಲ್ಲಿ ಹೊರಟೆವು. ಮೂಡಿಗೆರೆಯ ಮೈದಾನದಲ್ಲಿ ಶಾಮಿಯಾನ, ಮೈಕು, ಗಂಡಸರ ಕ್ರಿಕೆಟ್ಟು. ಹೆಂಗಸರ ಪಂದ್ಯಕ್ಕೆ ಒಂದು ಮೂಲೆ ಕೊಟ್ಟಿದ್ದರು. ನಾನು ಅವಳನ್ನು ಹುಡುಕಿದೆ. ಅವಳೇ ಹಿಂದಿನಿಂದ ಬಂದು ನನ್ನ ಹೆಸರು ಹಿಡಿದು ಕರೆದಳು.

ಅವಳೂ ದಪ್ಪವಾಗಿದ್ದಳು. ಕೂದಲ ಬುಡ ಬೆಳ್ಳಗಾಗಿತ್ತು. ಎರಡೂ ಮಂಡಿಗೆ ದಪ್ಪ ಪಟ್ಟಿ ಕಟ್ಟಿಕೊಂಡಿದ್ದಳು, ನಡೆಯುವಾಗ ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಅದೇನು ಎಂದು ಕೇಳಿದೆ. ವಯಸ್ಸಾಯಿತು ಎಂದು ಮಾತು ತೇಲಿಸಿದಳು. ಮತ್ತೆ ಮೆಣಸು, ಮತ್ತೆ ಮಕ್ಕಳ ಓದು. ಮೈಕಿನಲ್ಲಿ ಕರೆದರು, ಅವಳು ತನ್ನ ತಂಡದ ಕಡೆಗೆ ಹೋದಳು. ನಾನು ಅವಳ ಕಾಲನ್ನೇ ನೋಡುತ್ತಾ ನಿಂತೆ. ಪಟ್ಟಿ ಕಟ್ಟಿದರೆ ಏನಂತೆ, ಆಟಗಾರರೆಲ್ಲ ಕಟ್ಟುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಫೈನಲ್ಲಿಗೆ ಎಂದಿನಂತೆ ನಾವೂ ಅವರೂ. ಅವಳು ನೆಟ್ಟಿನ ಹತ್ತಿರ, ಸರಿಯಾಗಿ ನನ್ನ ಎದುರು ನಿಂತಳು. ಎಡಗೈ ಹಾಗೇ ಇತ್ತು. ನಿಂತಲ್ಲೇ ನಿಂತು, ಹಾರದೆ, ಬರೀ ಮಣಿಕಟ್ಟು ತಿರುಗಿಸಿ ನಮ್ಮ ಖಾಲಿ ಜಾಗಕ್ಕೆ ಎಸೆಯುತ್ತಿದ್ದಳು. ನಾನು ಮೊಗೆಕಾಯಿ, ಮೊಗೆಕಾಯಿ ಎನ್ನುತ್ತಾ ಹಿಡಿದೆ, ಎಸೆದೆ. ಒಂದು ಸೆಟ್ ಅವರಿಗೆ, ಒಂದು ನಮಗೆ. ಮೂರನೆಯದರಲ್ಲಿ ಹದಿನಾಲ್ಕು ಸಮ ಬಂತು. ಊಟಕ್ಕೆ ಹೊತ್ತಾಯಿತು, ಮುಂದಿನ ಪಾಯಿಂಟು ಯಾರಿಗೋ ಕಪ್ಪು ಅವರಿಗೆ ಎಂದು ಅಂಪೈರು ಹೇಳಿದರು. ಅಕ್ಕ ನನ್ನ ಕಿವಿಯಲ್ಲಿ, ಹಿಡಿಯುವುದೊಂದೇ ನಿನ್ನ ಕೆಲಸ, ಎಸೆಯುವುದನ್ನು ಆಮೇಲೆ ನೋಡೋಣ ಎಂದರು.

ಚೆಂಡು ಎರಡು ಮೂರು ಸಲ ಆಚೆ ಈಚೆ ಹೋಯಿತು. ಆಮೇಲೆ ಅವರ ಹಿಂದಿನ ಸಾಲಿನ ಒಬ್ಬಳು ಕೈ ಸೋತು ಎಸೆದಳು. ಎತ್ತರವಾಗಿ, ಸಾವಕಾಶವಾಗಿ, ಸುತ್ತದೆ, ನೇರ ನನ್ನ ಹಣೆಗೆ ಬರುವ ಚೆಂಡು. ಕಣ್ಣು ಮುಚ್ಚಿ ಹಿಡಿಯಬಹುದಾಗಿತ್ತು. ಅಂಥ ಚೆಂಡಿಗೆ ನಾವು ಕಾಲೇಜಿನಲ್ಲಿ ತುಪ್ಪದಂಥ ಚೆಂಡು ಎನ್ನುತ್ತಿದ್ದೆವು. ಅದರ ಕೆಳಗೆ, ನೆಟ್ಟಿನ ಆಚೆ, ಅವಳ ಮುಖ. ಅವಳೂ ಚೆಂಡನ್ನೇ ನೋಡುತ್ತಿದ್ದಳು.

ಮೊಗೆಕಾಯಿ ನೆನಪಿಗೆ ಬರಲಿಲ್ಲ. ನನ್ನ ಕೈ ಹಣೆಯ ಮೇಲಕ್ಕೆ ಹೋಯಿತು. ಹತ್ತು ಬೆರಳಿಗೆ ಚೆಂಡು ಬಂತು, ಹೋಯಿತು, ಸದ್ದೇ ಆಗಲಿಲ್ಲ. ಕಾಲೇಜು ಬಿಟ್ಟ ಮೇಲೆ ಅಷ್ಟು ಸರಿಯಾದ ಲಿಫ್ಟು ನನ್ನ ಕೈಯಿಂದ ಆಗಿರಲಿಲ್ಲ. ನೆಟ್ಟಿನ ಮೇಲೆ, ಅವಳ ಎಡಗೈಗೆ ಒಂದು ತೋಳು ಎತ್ತರದಲ್ಲಿ ಚೆಂಡು ನಿಂತಿತು. ಅಂಪೈರು ಶಿಳ್ಳೆ ಊದಿದರು. ಅದು ನನಗೂ ಕೇಳಿತು, ಅವಳಿಗೂ ಕೇಳಿರಬೇಕು. ಆದರೆ ನಾವಿಬ್ಬರೂ ಚೆಂಡು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಅವಳ ಮಂಡಿ ಬಗ್ಗಿತು. ಎಡ ಭುಜ ಹಿಂದಕ್ಕೆ ಹೋಯಿತು. ಕಣ್ಣು ಅಗಲವಾಯಿತು, ಮುಖದ ದಪ್ಪವೆಲ್ಲ ಇಳಿದು ಹಾಸ್ಟೆಲಿನ ಹುಡುಗಿಯ ಮುಖ ಬಂತು. ಈಗ ಹಾರುತ್ತಾಳೆ, ನೋಡುತ್ತೇನೆ ಎಂದುಕೊಂಡೆ.

ಹಿಮ್ಮಡಿ ನೆಲ ಬಿಡಲಿಲ್ಲ. ಭುಜ ಎತ್ತಿದ್ದು ಹಾಗೇ ಇಳಿಯಿತು. ಚೆಂಡು ಅವಳ ಪಕ್ಕದಲ್ಲಿ ಬಿದ್ದು, ಒಂದೆರಡು ಸಲ ಪುಟಿದು, ಕ್ರಿಕೆಟ್ ಆಡುವವರ ಕಡೆ ಉರುಳಿಹೋಯಿತು.

ಮೂಡಿಗೆರೆಯವರು ಕುಣಿದರು. ನಮ್ಮವರು ಏನಾಯಿತೆಂದು ತಿಳಿಯದೆ ನನ್ನ ಮುಖ ನೋಡಿದರು. ಅಕ್ಕ ನನ್ನ ಹತ್ತಿರ ಬಂದರು. ಬೈದಿದ್ದರೆ ಚೆನ್ನಾಗಿತ್ತು.

"ಎಂತಕ್ಕೆ ಮಾರಾಯ್ತಿ?" ಎಂದರು. "ಹಿಡಿಯೋ ಚೆಂಡು ಅಲ್ವಾ ಅದು?"

ಹೌದು ಅಕ್ಕ ಎಂದೆ. ಒಂದು ತಿಂಗಳು ಅವರೆಲ್ಲ ಹಾಲು ಕರೆಯುವುದನ್ನು ಬೇಗ ಮುಗಿಸಿ, ಅಂಗಡಿ ಬಾಗಿಲು ಎಳೆದು ಬಂದು ಆಡಿದ್ದು ನನ್ನ ಹತ್ತು ಬೆರಳಿನಲ್ಲಿ ಹೋಯಿತು. ನಾನು ಬೇಕೆಂದು ಮಾಡಿದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಅದು ನಿಜವೇ ಎಂದು ನನಗೇ ಖಾತ್ರಿಯಿರಲಿಲ್ಲ.

ಊಟದ ಸಾಲಿಗೆ ನಿಲ್ಲಲಿಲ್ಲ. ಶಾಮಿಯಾನದ ಹಿಂದೆ, ಪಾತ್ರೆ ತೊಳೆಯುವ ಜಾಗದ ಆಚೆ, ಒಂದು ಕಲ್ಲುಕಟ್ಟೆಯ ಮೇಲೆ ಅವಳು ಕುಳಿತಿದ್ದಳು. ಮಂಡಿಯ ಪಟ್ಟಿ ಬಿಚ್ಚಿದ್ದಳು. ಎರಡೂ ಮಂಡಿ ಊದಿ, ಮೇಲೆ ಹೊಲಿಗೆಯ ಗೆರೆ. ಮಗಳನ್ನು ಹೆತ್ತ ಮೇಲೆ ಒಂದು ಮಂಡಿ, ತೋಟದ ಮೆಟ್ಟಿಲಲ್ಲಿ ಜಾರಿದ ಮೇಲೆ ಇನ್ನೊಂದು ಎಂದು ಹೇಳಿದಳು. ಡಾಕ್ಟರು ಇನ್ನು ನಡೆದರೆ ಸಾಕು ಎಂದಿದ್ದಾರಂತೆ. ಥ್ರೋಬಾಲಿನಲ್ಲಿ ನಿಂತಲ್ಲೇ ನಿಂತು ಎಸೆಯಬಹುದಲ್ಲ, ಅದಕ್ಕೆ ಆಡುತ್ತಾಳಂತೆ. ಮದುವೆಮನೆಯಲ್ಲಿ ಸಿಕ್ಕಾಗಲೇ ಮೊದಲ ಮಂಡಿ ಹೋಗಿತ್ತು, ಹೇಳಲಿಲ್ಲ ಎಂದಳು.

ನಾನು ಪಕ್ಕದಲ್ಲಿ ಕುಳಿತೆ. ನೀನು ಹಾರುತ್ತೀಯ ಅಂದುಕೊಂಡೆ ಎಂದೆ. ಹೇಳಬಾರದಿತ್ತು, ಆದರೆ ಬಾಯಿಗೆ ಬಂತು.

ಅವಳು ನನ್ನನ್ನು ನೋಡಲಿಲ್ಲ. ಮಂಡಿ ನೀವಿಕೊಳ್ಳುತ್ತಾ ಇದ್ದಳು.

"ನಾನು ಹಾರಿದ್ದೆ ಮಾರಾಯ್ತಿ" ಎಂದಳು. "ಕಾಲು ಬರ್ಲಿಲ್ಲ, ಅಷ್ಟೆ."

ನನಗೆ ಅಳು ತಡೆಯಲಾಗಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಹೆಂಗಸು ತಿರುಗಿ ನೋಡಿದಳು, ಸೋತದ್ದಕ್ಕೆ ಅಳುತ್ತಾಳೆ ಅಂದುಕೊಂಡಿರಬೇಕು. ನನ್ನ ಗೆಳತಿ ಅಳಲಿಲ್ಲ. ಮೈಕಿನಲ್ಲಿ ಬಹುಮಾನಕ್ಕೆ ಕರೆಯುತ್ತಿದ್ದರು. ಪಟ್ಟಿಗಳನ್ನು ಮತ್ತೆ ಸುತ್ತಿ, ನನ್ನ ಭುಜಕ್ಕೆ ಕೈ ಊರಿ ಎದ್ದಳು. ಒಂದು ಹೆಜ್ಜೆ ಹೋದವಳು ನಿಂತಳು.

"ಚೆಂಡು ಸರಿ ಇತ್ತು."

ಇಷ್ಟು ವರ್ಷಗಳಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಕಿರುಬೆರಳು ಚಾಚಿ ನನ್ನದಕ್ಕೆ ತಾಗಿಸಿದಳು. ಅವಳ ಬೆರಳು ಒರಟಾಗಿತ್ತು, ತೋಟದ ಕೆಲಸದವರ ಬೆರಳು. ಕಾಲೆಳೆಯುತ್ತಾ ಶಾಮಿಯಾನದ ಕಡೆ ಹೋದಳು. ಅವಳು ಹೋಗುವವರೆಗೂ ನಾನು ನೋಡಿದೆ.

ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ಮಂಜು ಇಳಿದಿತ್ತು. ಜೀಪಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕುಳಿತಿದ್ದರು. ಬಾಳೂರು ದಾಟಿದ ಮೇಲೆ, ಆ ಎಡಗೈಯವಳು ನಿನ್ನ ಹತ್ತಿರ ಏನು ಹೇಳುತ್ತಿದ್ದಳು ಎಂದು ಕೇಳಿದರು. ಚೆಂಡು ಸರಿ ಇತ್ತಂತೆ ಎಂದೆ.

ಅಕ್ಕ ಹೊರಗೆ ನೋಡಿದರು. "ಸರಿ ಇದ್ದಿದ್ರೆ ಕಪ್ಪು ನಮ್ಮತ್ರ ಇರ್ತಿತ್ತು" ಎಂದರು. ಆಮೇಲೆ ತಮ್ಮ ಶಾಲಿನ ಅರ್ಧವನ್ನು ನನ್ನ ಮಂಡಿಯ ಮೇಲೆ ಎಳೆದು ಹೊದಿಸಿದರು, ಚಳಿಯಿತ್ತು.

ಮನೆಗೆ ಬಂದಾಗ ನಮ್ಮ ಮನೆಯವರು ಕಣದ ಅಂಚಿನಲ್ಲಿ ಟಾರ್ಚು ಹಿಡಿದು ನಿಂತಿದ್ದರು. ಮುಖ ನೋಡಿಯೇ ಗೊತ್ತಾಗಿರಬೇಕು. ನೆಟ್ಟು ಬಿಚ್ಚಿಬಿಡಿ ಎಂದೆ. ಮುಂದಿನ ವರ್ಷಕ್ಕೂ ಬೇಕಲ್ಲವೇ ಎಂದರು. ಬೇಕಾದರೆ ಆಗ ಕಟ್ಟಬಹುದು, ಅವರಿಗೆ ಬೇರೆ ಯಾರಾದರೂ ಸಿಗುತ್ತಾರೆ ಎಂದೆ. ಅವರು ಸಿಲ್ವರ್ ಮರದ ಗಂಟು ಬಿಚ್ಚಿದರು, ನಾನು ಪಲ್ಪರ್ ಮನೆಯ ಕಡೆಯ ಗಂಟು ಬಿಚ್ಚಿದೆ. ಇಬ್ಬರೂ ಎರಡು ತುದಿ ಹಿಡಿದು, ಸೀರೆ ಮಡಚುವ ಹಾಗೆ ಹತ್ತಿರ ಬಂದು ಮಡಚಿದೆವು. ಮಡಚಿದ್ದನ್ನು ಅವರು ನನ್ನ ಕಡೆ ಎಸೆಯಲಿಲ್ಲ, ತಂದು ಕೈಗೆ ಕೊಟ್ಟರು.